ಸಿಲಿಂಡರ್ ತಂದವರಿಗೆ, ಖಾನಾವಳಿಯಲ್ಲಿ ಬಡಿಸಿದವರಿಗೆ ಎಷ್ಟು ಕೊಡಬೇಕು?

ಜಲನಗರದ ಅಕ್ಕ:
ನಮಸ್ಕಾರರೀ ಎಲ್ಲರಿಗೂ. ನಾವು ವಿಜಯಪುರಕ್ಕೆ ಬಂದು ಇನ್ನೂ ವರ್ಷ ತುಂಬಿಲ್ಲ. ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಗ್ಯಾಸ್ ತರುವ ಅಣ್ಣ ಹೆಗಲಿಗೆ ಗೋಣಿಚೀಲ ಮಡಚಿಟ್ಟುಕೊಂಡು, ಅದರ ಮೇಲೆ ತುಂಬಿದ ಸಿಲಿಂಡರ್ ಹೊತ್ತು ಮೆಟ್ಟಿಲು ಹತ್ತುತ್ತಾರೆ. ಈ ಬಿಸಿಲಲ್ಲಿ ಅವರನ್ನು ನೋಡಿದರೆ ಸಂಕಟವಾಗುತ್ತದೆ. ಮಜ್ಜಿಗೆ ಕೊಟ್ಟು, ಐವತ್ತು ರೂಪಾಯಿ ಕೊಡುತ್ತೇನೆ. ಕೆಳಗಿನ ಮನೆಯ ಕಾಕೂ ಮಾತ್ರ, "ನೀವು ಹಿಂಗ ಕೊಟ್ಟು ರೂಢಿ ಮಾಡಿದ್ರ ನಾಳೆ ನಮಗೂ ಕೇಳ್ತಾರ" ಅನ್ನುತ್ತಾರೆ. ಪಿಂಚಣಿಯಲ್ಲೇ ಮನೆ ನಡೆಸುವವರು. ಅವರ ಮಾತೂ ಸುಳ್ಳಲ್ಲ, ಅಲ್ವಾ?

ಖಾನಾವಳಿಯದು ಇನ್ನೊಂದು ಗೊಂದಲ. ತಟ್ಟೆಯಲ್ಲಿನ ರೊಟ್ಟಿ ಮುಗಿಯುವ ಮೊದಲೇ ಇನ್ನೊಂದು ಬಿಸಿ ರೊಟ್ಟಿ ತಂದು ಹಾಕುತ್ತಾರೆ. ಎಣ್ಣೆಗಾಯಿ ಬೇಕಾ, ಶೇಂಗಾ ಹಿಂಡಿ ಬೇಕಾ ಅಂತ ಕೇಳುತ್ತಲೇ ಇರುತ್ತಾರೆ. ಮೊದಲೆಲ್ಲ ಬಡೇಸೋಪಿನ ತಟ್ಟೆಯಲ್ಲಿ ಬಂದ ಚಿಲ್ಲರೆ ಅಲ್ಲೇ ಬಿಟ್ಟು ಬರುತ್ತಿದ್ದೆವು. ಈಗ ಎಲ್ಲ ಫೋನ್‌ಪೇ, ಚಿಲ್ಲರೆಯೇ ಬರುವುದಿಲ್ಲ. ಕೈಗೆ ಕೊಟ್ಟರೆ ಬೇಜಾರು ಮಾಡಿಕೊಳ್ಳುತ್ತಾರಾ?

ಬಾಗಲಕೋಟೆ ಹುಡುಗ:
ಅಕ್ಕಾರೆ, ಕಾಲೇಜು ಓದುವಾಗ ನಾನು ಒಂದು ಖಾನಾವಳಿಯಲ್ಲಿ ಬಡಿಸುತ್ತಿದ್ದೆ. ಕೈಗೆ ಕೊಟ್ಟರೆ ಯಾರಿಗೂ ಬೇಜಾರಿಲ್ಲ. ಎಂಜಲು ತಟ್ಟೆಯಲ್ಲಿ ನೋಟು ಎಸೆದು ಹೋಗುತ್ತಾರಲ್ಲ, ಅದು ಚುಚ್ಚುತ್ತದೆ. "ತಗೋ ತಮ್ಮಾ, ಚಹಾ ಕುಡಿ" ಅಂದು ಕೊಟ್ಟವರು ಇವತ್ತಿಗೂ ನೆನಪಿದ್ದಾರೆ. ಕ್ಯೂಆರ್‌ನಲ್ಲಿ ಬಿಲ್ಲಿಗಿಂತ ಜಾಸ್ತಿ ಹಾಕಬೇಡಿ. ಅದು ಸೀದಾ ಮಾಲೀಕರ ಖಾತೆಗೆ ಹೋಗುತ್ತದೆ, ನಮಗಂತೂ ಒಂದು ಪೈಸೆಯೂ ಬರುತ್ತಿರಲಿಲ್ಲ. ಹತ್ತಿಪ್ಪತ್ತರ ನೋಟು ಜೇಬಿನಲ್ಲಿಟ್ಟುಕೊಂಡೇ ಹೋಗಿ. ಇನ್ನೊಂದು ಮಾತು. ಒಳಗೆ ಒಲೆ ಮುಂದೆ ಕೂತು ರೊಟ್ಟಿ ಬಡಿಯುವ ಅಕ್ಕಂದಿರನ್ನು ಗಿರಾಕಿಗಳು ನೋಡುವುದೇ ಇಲ್ಲ. ನೀವಾದರೂ ಅವರನ್ನು ಕರೆಸಿ ಕೊಡಿ.

ಟಿಳಕವಾಡಿ ಕಾಕಾ:
ದೊಡ್ಡ ಹೋಟೆಲಿಗೆ ಹೋದರೆ ಮೊದಲು ಬಿಲ್ ಪೂರ್ತಿ ಓದಿ. ಸರ್ವೀಸ್ ಚಾರ್ಜ್ ಅಂತ ತಾವೇ ಸೇರಿಸಿದ್ದರೆ ತೆಗೆಯಲು ಹೇಳಿ. ಹಾಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಎಸ್‌ಟಿ ಬೇರೆ, ಅದು ಸರ್ಕಾರದ್ದು. ಉಳಿದ ದುಡ್ಡನ್ನು ಬಡಿಸಿದವರ ಕೈಗೇ ಕೊಡಿ.

ಇಂಡಿ ರೋಡ್:
ಗ್ಯಾಸ್ ವಿಷಯದಲ್ಲಿ ಕಾಕೂ ಹೇಳಿದ್ದು ಸರಿ. ಮನೆಗೆ ತಲುಪಿಸುವ ಖರ್ಚು ಬಿಲ್ಲಿನಲ್ಲೇ ಸೇರಿರುತ್ತದೆ. ಕೇಳಿದರೂ ಕೊಡಬೇಕಿಲ್ಲ. ಪೀಡಿಸಿದರೆ ಗ್ಯಾಸ್ ಕಂಪನಿಗಳ ಸಹಾಯವಾಣಿ 1800-2333-555ಕ್ಕೆ ದೂರು ಕೊಡಬಹುದು. ಆದರೆ 14.2 ಕಿಲೋ ಗ್ಯಾಸ್, ಅದರ ಮೇಲೆ ಕಬ್ಬಿಣದ ತೂಕ. ಎರಡೂ ಸೇರಿ ಹತ್ತಿರ ಹತ್ತಿರ 30 ಕಿಲೋ. ಅಷ್ಟು ಹೊತ್ತು ಮೂರು ಮಹಡಿ ಹತ್ತಿದವರಿಗೆ ನೀವು ಖುಷಿಯಿಂದ ಕೊಟ್ಟರೆ ಯಾರ ಅಪ್ಪಣೆ ಬೇಕು? "ಕಾಕೂ ಹತ್ತಿರ ಕೇಳಬೇಡ್ರಿ ಅಣ್ಣಾ" ಅಂತ ಒಂದು ಮಾತು ಹೇಳಿಬಿಡಿ, ಸಾಕು. ಸೀಲ್, ತೂಕ ನೋಡಿಯೇ ಇಳಿಸಿಕೊಳ್ಳಿ. ಪರಿಚಯದವರು ಅಂತ ಅದನ್ನು ಬಿಡಬೇಡಿ.

ಜಲನಗರದ ಅಕ್ಕ:
ಕ್ಯೂಆರ್ ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಗೋಳಗುಮ್ಮಟದ ಹತ್ತಿರ ಟಾಂಗಾ ಹತ್ತಿದರೆ? ದರ ಮೊದಲೇ ಮಾತಾಡಿರುತ್ತೇವಲ್ಲ.

ಇಂಡಿ ರೋಡ್:
ಜಾಸ್ತಿ ಚೌಕಾಸಿ ಮಾಡದಿದ್ದರೆ ಅದೇ ದೊಡ್ಡದು. ತುಂಬಾ ಹೊತ್ತು ಕಾಯಿಸಿದ್ದರೆ ಮಾತ್ರ ಕುದುರೆ ಮೇವಿಗೆ ಅಂತ ಇಷ್ಟು ಸೇರಿಸಿ ಕೊಡಿ.