ಫೋರ್‌ಹ್ಯಾಂಡ್‌ಗೆ ಯಾವ ಡ್ರೈವರ್ (ದೂರ ಎಸೆಯೋ ಡಿಸ್ಕ್)? 12 ಸ್ಪೀಡಿನದ್ದು ಎಡಕ್ಕೆ ಮಗುಚಿ ನೆಲ ಕಚ್ಚುತ್ತಿದೆ

ಕಲ್ಪತರು ಫ್ಲಿಕ್, ತುಮಕೂರು:

ಎಲ್ಲರಿಗೂ ನಮಸ್ಕಾರ. ನಾನು ಬಲಗೈಯವನು. ನಾಲ್ಕು ವರ್ಷ ಅಲ್ಟಿಮೇಟ್ ಫ್ರಿಸ್ಬೀ ಆಡಿದ್ದೇನೆ, ಹಾಗಾಗಿ ಫೋರ್‌ಹ್ಯಾಂಡ್ (ಅಂಗೈ ಮೇಲಾಗಿ, ಬಲಪಕ್ಕದಿಂದ ಎಸೆಯೋದು) ಕೈಗೆ ಕೂತಿದೆ, ಬ್ಯಾಕ್‌ಹ್ಯಾಂಡ್ (ಎದೆಯ ಅಡ್ಡಕ್ಕೆ ಕೈ ತಂದು ಎಸೆಯೋದು) ಇವತ್ತಿಗೂ ಬರೋದಿಲ್ಲ. ಈಗ ಆರು ತಿಂಗಳಿಂದ ಡಿಸ್ಕ್ ಗಾಲ್ಫ್ ಹುಚ್ಚು, ಚೆಂಡಿನ ಬದಲು ಡಿಸ್ಕ್ ಎಸೆದು ಬ್ಯಾಸ್ಕೆಟ್ಟಿಗೆ ಬೀಳಿಸೋ ಆಟ. ನಮ್ಮ ಕಡೆ ಬ್ಯಾಸ್ಕೆಟ್ ಎಲ್ಲಿಂದ ಬರಬೇಕು, ಊರಾಚೆ ಕೆರೆ ಅಂಗಳ ಒಣಗಿದೆ, ಏರಿ ಪಕ್ಕದ ಎರಡು ಹುಣಸೆಮರಗಳೇ ಗುರಿ.

ಹಳೆಯ 7 ಸ್ಪೀಡಿನ ಡಿಸ್ಕ್ ಒಂದಿದೆ, ಅದು ಸುಮಾರು 220 ಅಡಿ ಹೋಗುತ್ತದೆ. ಹೆಜ್ಜೆಯಲ್ಲಿ ಅಳೆದದ್ದು, ಹತ್ತಿಪ್ಪತ್ತು ಅಡಿ ಆಚೀಚೆ ಇರಬಹುದು. ಅಮೆರಿಕದಲ್ಲಿರುವ ಭಾವ ರಜಕ್ಕೆ ಬಂದಾಗ 12 ಸ್ಪೀಡಿನದ್ದು ತಂದುಕೊಟ್ಟರು. ಅದರ ಮೇಲೆ 12, 6, ಮೈನಸ್ 3, 2 ಅಂತಿದೆ, ತೂಕ 160 ಗ್ರಾಂ. ಇದು ಇನ್ನೂ ದೂರ ಹೋಗಬೇಕಿತ್ತು ಅಲ್ವಾ? ಅರ್ಧ ದಾರಿ ನೆಟ್ಟಗೆ ಹೋಗಿ, ಎಡಕ್ಕೆ ಮಗುಚಿ, ಅಂಚಿನ ಮೇಲೆ ಚಕ್ರದ ಹಾಗೆ ಉರುಳಿಕೊಂಡು ಬಳ್ಳಾರಿ ಜಾಲಿಯೊಳಗೆ ನುಗ್ಗುತ್ತದೆ. ಕೈಯೆಲ್ಲಾ ಮುಳ್ಳು. ಸರಿ ಅಂತ ಬಲಕ್ಕೆ ಗುರಿಯಿಟ್ಟರೆ ಆ ಸಲ ಮಾತ್ರ ಮಗುಚದೆ ಬಲಕ್ಕೇ ಹೋಗಿಬಿಡುತ್ತದೆ.

ನನಗೆ 300 ಅಡಿ ಬೇಕು, ಹೇಳಿದ ಕಡೆಯೇ ಬೀಳಬೇಕು. ಇನ್ನೊಂದೇ ಡಿಸ್ಕಿಗೆ ದುಡ್ಡಿದೆ. 13, 14 ಸ್ಪೀಡಿಗೆ ಹೋಗಲಾ?

ಅಂತರಗಂಗೆ, ಕೋಲಾರ:

ದುಡ್ಡು ಹಾಗೇ ಇಟ್ಟುಕೊಂಡಿರಿ. ಗಾಳಿ ಯಾವ ಕಡೆಯಿಂದ? ಕೈ ಬಿಟ್ಟ ಕೂಡಲೇ ಡಿಸ್ಕ್ ಅದುರುತ್ತದೆಯಾ? ಹಿಂದೆ ಯಾರನ್ನಾದರೂ ನಿಲ್ಲಿಸಿ ಸ್ಲೋ ಮೋಷನ್ ವಿಡಿಯೋ ತೆಗೆಸಿ, ಎಸೆದ ಮೇಲೆ ನಿಮ್ಮ ಅಂಗೈ ಎತ್ತ ನೋಡುತ್ತಿದೆ ಅಂತ ಹೇಳಿ.

ಕಲ್ಪತರು ಫ್ಲಿಕ್, ತುಮಕೂರು:

ತೆಗೆಸಿದೆ. ನಾಚಿಕೆಯಾಯಿತು. ಮೊದಲ 30 ಅಡಿ ನೆಲಕ್ಕೆ ಬಿದ್ದ ಸ್ಟೀಲ್ ತಟ್ಟೆಯ ಹಾಗೆ ಅದುರುತ್ತದೆ. ಅಂಗೈ ಕೊನೆಯಲ್ಲಿ ನೆಲ ನೋಡುತ್ತಿದೆ. ಗಾಳಿ ಎದುರಿನದ್ದೇ. ಆಷಾಢ ಸ್ವಾಮಿ, ಇನ್ನೆಲ್ಲಿಂದ.

ಅಂತರಗಂಗೆ, ಕೋಲಾರ:

ಹಾಗಾದರೆ ರೋಗ ಸಿಕ್ಕಿತು ಬಿಡಿ.

ಸ್ಪೀಡ್ 12 ಅಂದರೆ ಡಿಸ್ಕ್ ತಾನಾಗಿ ಅಷ್ಟು ಜೋರಾಗಿ ಹೋಗುತ್ತದೆ ಅಂತಲ್ಲ. ಅಷ್ಟು ವೇಗ ನೀವು ಕೊಟ್ಟರೆ ಮಾತ್ರ ಉಳಿದ ಮೂರು ಅಂಕಿ, ಅಂದರೆ ಗ್ಲೈಡ್ (ತೇಲೋ ಗುಣ), ಟರ್ನ್ (ವೇಗ ಇರುವಾಗ ಹೊರಳೋದು), ಫೇಡ್ (ವೇಗ ಇಳಿದ ಮೇಲೆ ಬಾಗೋದು), ಬರೆದ ಹಾಗೆ ನಡೆಯುತ್ತವೆ ಅಂತ. ಬಲಗೈ ಫೋರ್‌ಹ್ಯಾಂಡಿಗೆ ಟರ್ನ್ ಎಡಕ್ಕೆ, ಕೊನೆಯ ಫೇಡ್ ಬಲಕ್ಕೆ. ಬ್ಯಾಕ್‌ಹ್ಯಾಂಡ್ ವಿಡಿಯೋ ನೋಡಿ ಕಲಿತವರಿಗೆ ಇಲ್ಲೇ ಎಲ್ಲ ಉಲ್ಟಾ ಆಗೋದು. ನಿಮ್ಮದಕ್ಕೆ ಟರ್ನ್ ಮೈನಸ್ 3, ಎಡಕ್ಕೆ ಹೊರಳೋಕೆ ನೆಪ ಸಾಕು. ಅದರ ಮೇಲೆ 160 ಗ್ರಾಂನ ಹಗುರ ತೂಕ, ಅದರ ಮೇಲೆ ಎದುರುಗಾಳಿ. ಎದುರುಗಾಳಿಗೆ ಯಾವ ಡಿಸ್ಕಾದರೂ ಬರೆದದ್ದಕ್ಕಿಂತ ಜಾಸ್ತಿ ಮಗುಚುತ್ತದೆ, ಗಾಳಿ ಹಿಂದಿನಿಂದ ಬಂದರೆ ಕಮ್ಮಿ.

220 ಅಡಿ ಎಸೆಯುವ ಕೈಗೆ 12ರ ವೇಗ ಇಲ್ಲ, ಹಾಗಿದ್ದರೆ ಅದು ಬೇಗ ಬಲಕ್ಕೆ ಬೀಳಬೇಕಿತ್ತಲ್ಲ ಅಂತ ನೀವು ಕೇಳಬಹುದು. ಬೀಳಬೇಕಿತ್ತು. ಆದರೆ ನೀವು ಮಣಿಕಟ್ಟು ಹೊರಳಿಸುತ್ತಿರುವುದರಿಂದ ಡಿಸ್ಕ್ ಕೈ ಬಿಡುವಾಗಲೇ ಎಡಕ್ಕೆ ವಾಲಿರುತ್ತದೆ, ಅದುರಾಟ ಅದನ್ನು ಇನ್ನೂ ತಳ್ಳುತ್ತದೆ. ಹೊರಳಿಸದೆ ಬಿಟ್ಟ ಆ ಒಂದು ಸಲ ಬಲಕ್ಕೆ ಹೋಯಿತು ಅಂದಿರಲ್ಲ, ಅದೇ ಸಾಕ್ಷಿ. ಒಂದೇ ಡಿಸ್ಕ್ ಎರಡು ಕಡೆ ಹೋದರೆ ಡಿಸ್ಕನ್ನು ಬೈಯಬೇಡಿ.

ಅಲ್ಟಿಮೇಟ್ ಆಡಿದವರಿಗೆಲ್ಲ ಇದು ಬರುತ್ತದೆ, ನನಗೂ ಬಂದಿತ್ತು. ಆ ಡಿಸ್ಕ್ ಸುಮಾರು 27 ಸೆಂಟಿಮೀಟರ್ ಅಗಲ, ಸಣ್ಣಪುಟ್ಟ ತಪ್ಪನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಡ್ರೈವರ್ 21ರ ಆಸುಪಾಸು. 12 ಸ್ಪೀಡಿನದ್ದರ ರಿಮ್ಮೇ (ಅಂಚಿನ ದಪ್ಪ ಪಟ್ಟಿ) 2 ಸೆಂಟಿಮೀಟರ್ ದಾಟುತ್ತದೆ, ನಿಯಮದಲ್ಲಿ 2.6ರವರೆಗೆ ಬಿಡುತ್ತಾರೆ. ಅಷ್ಟು ದಪ್ಪದ್ದನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿಯೋಕೆ ಆಗದಿದ್ದರೆ ಕೈಯಲ್ಲೇ ಅಲ್ಲಾಡುತ್ತದೆ, ಗಾಳಿಯಲ್ಲಿ ಕೇಳಬೇಕಾ.

ತಗೊಳ್ಳೋದಾದರೆ ಸ್ಪೀಡ್ 7ರಿಂದ 9, ಟರ್ನ್ 0, ಫೇಡ್ 2ರಿಂದ 4, ತೂಕ 170ರಿಂದ 175 ಗ್ರಾಂ. ಇನ್ನೋವಾ ಕಂಪನಿಯ ಥಂಡರ್‌ಬರ್ಡ್ 9, 5, 0, 2. ಫೈರ್‌ಬರ್ಡ್ 9, 3, 0, 4. ನಾನು ಫೈರ್‌ಬರ್ಡ್ ಅನ್ನುತ್ತೇನೆ. ಕೈ ಸ್ವಲ್ಪ ಹೊರಳಿದರೂ ಮಗುಚದೆ ಎದ್ದು ಬಲಕ್ಕೆ ಬಂದು ಬೀಳುತ್ತದೆ, ಆಷಾಢದಲ್ಲೂ. ಪ್ಲಾಸ್ಟಿಕ್ ಚಾಂಪಿಯನ್ನೇ (ಗಟ್ಟಿ, ಬಾಳಿಕೆಯದ್ದು) ಇರಲಿ. ಅಗ್ಗದ ಡಿಎಕ್ಸ್ ನಮ್ಮ ಗರಸು ನೆಲಕ್ಕೆ ಬೇಗ ಸವೆಯುತ್ತದೆ, ಸವೆದಷ್ಟೂ ಮಗುಚೋದು ಜಾಸ್ತಿ. ಬಣ್ಣ ನೀಲಿ ಇಲ್ಲಾ ಗುಲಾಬಿ. ನಾನು ಕಿತ್ತಳೆ ಬಣ್ಣದ್ದು ತಗೊಂಡು ಈ ಕೆಂಪು ಮಣ್ಣಲ್ಲಿ ಎರಡು ಕಳೆದುಕೊಂಡಿದ್ದೇನೆ, ಒಂದು ನೀಲಗಿರಿ ತೋಪಿನ ಒಣಎಲೆಯಲ್ಲಿ ಕಾಲಡಿಯೇ ಇತ್ತು, ಸಿಕ್ಕಿದ್ದು ಮಾರನೇ ವಾರ.

ಕೈ ತಿದ್ದೋಕೆ ಒಂದೇ ಮಾತು. ಚಿಕ್ಕವರಿದ್ದಾಗ ಕೆರೆ ನೀರಿನ ಮೇಲೆ ಚಪ್ಪಟೆ ಕಲ್ಲು ಕುಪ್ಪಳಿಸುತ್ತಿದ್ದೆವಲ್ಲ, ಮೊಣಕೈ ಪಕ್ಕೆಗೆ ಹತ್ತಿರ ಇಟ್ಟು, ಕೊನೆಗೆ ಮಣಿಕಟ್ಟಿನಲ್ಲಿ ಚಟ್ ಅಂತ ಬಿಟ್ಟು, ಫೋರ್‌ಹ್ಯಾಂಡ್ ಅದೇ. ಕಲ್ಲನ್ನು ಯಾರೂ ಅಂಗೈ ಮಗುಚಿ ಎಸೆಯೋದಿಲ್ಲ. ಮಧ್ಯದ ಬೆರಳು ರಿಮ್ಮಿನ ಒಳಗೋಡೆಗೆ ಒತ್ತಿರಲಿ, ಹೆಬ್ಬೆರಳು ಮೇಲಿಂದ ಬಿಗಿಯಾಗಿರಲಿ, ಎಸೆದ ಮೇಲೂ ಅಂಗೈ ಆಕಾಶ ನೋಡುತ್ತಿರಲಿ. ಓಡಿ ಬರಬೇಡಿ. ನಿಂತಲ್ಲೇ, ಅರ್ಧ ಬಲದಲ್ಲಿ, ಅದುರದೆ ಹೋಗುವವರೆಗೆ.

ನಂದಿ ಗಾಳಿ, ಚಿಕ್ಕಬಳ್ಳಾಪುರ:

ಅಣ್ಣಾ, ಕೈ ವಿಷಯದಲ್ಲಿ ನೀವು ಹೇಳಿದ್ದೆಲ್ಲ ಸರಿ, ಡಿಸ್ಕ್ ವಿಷಯದಲ್ಲಿ ನನ್ನದೊಂದು ತಕರಾರು. ಫೈರ್‌ಬರ್ಡ್ ತಗೊಂಡರೆ ಇವರಿಗೆ ಮಗುಚೋದು ನಿಲ್ಲುತ್ತದೆ, 300 ಬರೋದಿಲ್ಲ. ಗ್ಲೈಡ್ 3, ಫೇಡ್ 4, ದೂರವನ್ನೆಲ್ಲ ಬಲಕ್ಕೆ ಬಾಗೋದರಲ್ಲೇ ತಿಂದುಹಾಕುತ್ತದೆ. ಇನ್ನೊಂದು ಏನಂದರೆ ಅದು ತಪ್ಪು ಮುಚ್ಚುತ್ತದೆ. ನಾನು ಒಂದು ವರ್ಷ ಅದನ್ನೇ ಎಸೆದು, ಕೈ ಸರಿಹೋಯಿತು ಅಂತ ಬೀಗಿಕೊಂಡು, ಬೇರೆ ಡಿಸ್ಕ್ ಹಿಡಿದ ದಿನ ಮತ್ತೆ ಮೊದಲಿನಂತೆಯೇ ಉರುಳಿತು. ಥಂಡರ್‌ಬರ್ಡ್ ತಗೊಳ್ಳಿ. ತಪ್ಪು ಮಾಡಿದರೆ ಅದು ಹೇಳುತ್ತದೆ, ಆದರೆ ಮಾನ ಕಳೆಯೋದಿಲ್ಲ.

ಆಮೇಲೆ ದಿನಕ್ಕೆ ನೂರು ಸಲ ಪೂರ್ತಿ ಬಲದಲ್ಲಿ ಎಸೆಯಬೇಡಿ. ನನಗೆ ಮೊಣಕೈ ಒಳಭಾಗ ನೋವು ಬಂದು ಎರಡು ತಿಂಗಳು ಬೈಕ್ ಕ್ಲಚ್ ಹಿಡಿಯೋದೇ ಕಷ್ಟವಾಗಿತ್ತು (ಕ್ಲಚ್ ಎಡಗೈಯದ್ದು ಅನ್ನಬೇಡಿ, ನಾನು ಎಡಚ).

ಅಂತರಗಂಗೆ, ಕೋಲಾರ:

ತಪ್ಪು ಮುಚ್ಚುತ್ತದೆ ಅನ್ನೋದು ಒಪ್ಪಿದೆ. ದಿನಾ ಗಾಳಿಗೆ ಎದುರಾಗಿಯೇ ಎಸೆಯೋದಾದರೆ ನನ್ನ ಮಾತು, ಇಲ್ಲದಿದ್ದರೆ ತಮ್ಮನ ಮಾತು.

ಕಲ್ಪತರು ಫ್ಲಿಕ್, ತುಮಕೂರು:

ಒಂದು ತಿಂಗಳಾಯಿತು, ಬಂದು ಹೇಳದಿದ್ದರೆ ತಪ್ಪಾಗುತ್ತದೆ. ಬೆಂಗಳೂರಲ್ಲಿ ಒಬ್ಬರ ಹತ್ತಿರ ಬಳಸಿದ ಥಂಡರ್‌ಬರ್ಡ್ ಸಿಕ್ಕಿತು, 172 ಗ್ರಾಂ, ನೀಲಿ. ಮೊದಲ ಎರಡು ವಾರ ನಿಂತೇ ಎಸೆದೆ. 170 ಅಡಿಯೂ ದಾಟುತ್ತಿರಲಿಲ್ಲ, ಜೊತೆಗೆ ಬರುವ ಹುಡುಗರು ನಗುತ್ತಿದ್ದರು. ಆಮೇಲೆ ಒಂದು ದಿನ ಬೆಳಗ್ಗೆ ಗಾಳಿ ಏಳೋ ಮುಂಚೆ ಹೋದಾಗ ಅದುರಾಟ ನಿಂತಿತ್ತು, ಯಾವಾಗ ನಿಂತಿತು ಅಂತ ಗೊತ್ತೇ ಆಗಲಿಲ್ಲ. ಮೂರು ಹೆಜ್ಜೆ ಓಡಿ ಎಸೆದರೆ ಈಗ 255, 260. ಹತ್ತರಲ್ಲಿ ಏಳು ಸಲ ಎರಡು ಹುಣಸೆಮರದ ನಡುವೆಯೇ ಹೋಗುತ್ತದೆ. 300 ಇನ್ನೂ ಇಲ್ಲ.

ಹಳೆಯ 12 ಸ್ಪೀಡಿನದ್ದು ಏನು ಮಾಡಲಿ? ಮಾರಿಬಿಡಲಾ?

ನಂದಿ ಗಾಳಿ, ಚಿಕ್ಕಬಳ್ಳಾಪುರ:

ಮಾರಬೇಡಿ. ಗಾಳಿ ಹಿಂದಿನಿಂದ ಬರುವಾಗ ಅದರ ಬಲ ಅಂಚನ್ನು ಸ್ವಲ್ಪ ಕೆಳಗೆ ವಾಲಿಸಿ ಎಸೆಯಿರಿ. ತಾನೇ ಎದ್ದು ಸಮವಾಗಿ ತೇಲಿಕೊಂಡು ಹೋಗುತ್ತದೆ. ನಿಮ್ಮ 300 ಅಲ್ಲೇ ಇದೆ ಅಂತ ನನ್ನ ಅನುಮಾನ.

ಅಂತರಗಂಗೆ, ಕೋಲಾರ:

ಜಾಲಿ ಇಲ್ಲದ ಕಡೆ ಎಸೆಯಿರಿ. ಗಾಳಿ ಇಳಿದ ಮೇಲೆ ಒಂದು ಭಾನುವಾರ ಇತ್ತ ಬನ್ನಿ, ಅದನ್ನೂ ತನ್ನಿ, ನಮ್ಮಲ್ಲಿ ಅಳತೆ ಟೇಪ್ ಇದೆ.