ಸ್ಕೌಟ್ ಶಿಬಿರದಲ್ಲಿ ಸಹಾಯಕ ಶಿಕ್ಷಕನ ಕೈ ಎಲ್ಲಿಯವರೆಗೆ ಇರಬೇಕು?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಸ್ಕೌಟ್ ದಳದ 32 ಹುಡುಗರಿಗೆ ಜನವರಿಯಲ್ಲಿ ಮೂರು ದಿನಗಳ ಹೊರಾಂಗಣ ಶಿಬಿರ ನಡೆಯಲಿದ್ದು, ಗಂಟುಗಳು, ಬಿದಿರಿನ ಕಟ್ಟುಕೆಲಸ ಮತ್ತು ಅಡುಗೆಯ ಹೊಣೆಯನ್ನು ಸ್ಕೌಟ್ ಮಾಸ್ಟರ್ ನನಗೆ ಒಪ್ಪಿಸಿದ್ದಾರೆ. ಕಳೆದ ವರ್ಷ ಒಂದು ದಿನದ ತರಬೇತಿಯಲ್ಲಿ ಕಪ್ಪುಹಲಗೆಯ ಮೇಲೆ ಆರು ಗಂಟುಗಳ ಚಿತ್ರ ಬರೆದು, ಒಂದೊಂದನ್ನೂ ಕಟ್ಟಿ ತೋರಿಸಿದ್ದೆ. ಅಲ್ಲಿಯೇ ಎಲ್ಲರೂ ಸರಿಯಾಗಿ ಕಟ್ಟಿದರು. ವಾರ ಕಳೆಯುವಷ್ಟರಲ್ಲಿ ಬಹುಪಾಲು ಹುಡುಗರು ಮರೆತಿದ್ದರು. ಒಲೆ ಹೊತ್ತದೆ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಿದ್ದವರನ್ನು ನೋಡಲಾಗದೆ ನಾನೇ ಹೋಗಿ ಹಚ್ಚಿಕೊಟ್ಟೆ. ಅದು ತಪ್ಪಾಯಿತೆಂದು ಈಗ ಅನ್ನಿಸುತ್ತಿದೆ. ಎಷ್ಟನ್ನು ನಾನು ಮಾಡಬೇಕು, ಎಷ್ಟನ್ನು ಅವರಿಗೆ ಬಿಡಬೇಕು? ಶಿಬಿರದ ಜಾಗ ಅಡಿಕೆ ತೋಟದಾಚೆ, ಕಾಡಿನ ಅಂಚಿನಲ್ಲಿದೆ.

ಉತ್ತರ 1: ನಿವೃತ್ತ ಸ್ಕೌಟ್ ಮಾಸ್ಟರ್, ಹಾಸನ

ಮೇಷ್ಟರೇ, ನೀವು 32 ಹುಡುಗರಿಗೆ ಕಲಿಸಲು ಹೊರಟಿದ್ದೀರಿ. ನೀವು ಕಲಿಸಬೇಕಾದದ್ದು ನಾಲ್ವರಿಗೆ ಮಾತ್ರ. ಎಂಟೆಂಟು ಹುಡುಗರ ನಾಲ್ಕು ಪಟ್ರೋಲ್, ಅಂದರೆ ಸಣ್ಣ ತಂಡಗಳನ್ನು ಮಾಡಿ, ನಾಲ್ವರು ಪಟ್ರೋಲ್ ನಾಯಕರನ್ನು ಶಿಬಿರಕ್ಕೆ ಎರಡು ವಾರ ಮೊದಲೇ ಕೂರಿಸಿಕೊಂಡು ಚೆನ್ನಾಗಿ ಕಲಿಸಿ. ಶಿಬಿರದಲ್ಲಿ ತಮ್ಮ ಹುಡುಗರಿಗೆ ಅವರೇ ಕಲಿಸಲಿ. ಇದು ನನ್ನ ಕಲ್ಪನೆಯಲ್ಲ. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದ ಮೊದಲ ಶಿಬಿರದಲ್ಲಿಯೇ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಅವರು 20 ಹುಡುಗರನ್ನು ನಾಲ್ಕು ಪಟ್ರೋಲ್‌ಗಳಾಗಿ ವಿಂಗಡಿಸಿ, ಒಂದೊಂದರ ಹೊಣೆಯನ್ನೂ ಒಬ್ಬೊಬ್ಬ ಹುಡುಗನಿಗೆ ವಹಿಸಿದ್ದರು.

ಆರು ಗಂಟುಗಳನ್ನು ಒಂದೇ ದಿನ ಕಲಿಸಿದರೆ ಯಾರಿಗೂ ಉಳಿಯುವುದಿಲ್ಲ, ಏಕೆಂದರೆ ಅವುಗಳಿಂದ ಆಗಬೇಕಾದ ಕೆಲಸವೇನೂ ಅವರ ಮುಂದಿರುವುದಿಲ್ಲ. ಮೊದಲ ಬೆಳಿಗ್ಗೆ ಪ್ರತಿ ಪಟ್ರೋಲ್‌ಗೂ ಬಿದಿರು ಮತ್ತು ಹಗ್ಗ ಕೊಟ್ಟು, ಮಧ್ಯಾಹ್ನದ ಊಟದ ಹೊತ್ತಿಗೆ ತಟ್ಟೆ ಲೋಟ ಒಣಗಿಸುವ ಅಟ್ಟಣಿಗೆಯೊಂದು ನಿಂತಿರಬೇಕೆಂದು ಹೇಳಿ. ಅಡ್ಡ ಗಳವನ್ನು ಕಂಬಕ್ಕೆ ಬಿಗಿಯಲು ಕ್ಲೋವ್ ಹಿಚ್ ಎಂಬ ಗಂಟಿನಿಂದ ಆರಂಭಿಸಿ, ಎರಡೂ ಗಳಗಳನ್ನು ಮೂರು ಸುತ್ತು ಸುತ್ತಿ, ಗಳಗಳ ನಡುವೆ ಎರಡು ಸುತ್ತು ಎಳೆದು ಬಿಗಿದು, ಮತ್ತೆ ಕ್ಲೋವ್ ಹಿಚ್‌ನಿಂದ ಮುಗಿಸಬೇಕು. ನಡುವಿನ ಆ ಎರಡು ಸುತ್ತುಗಳನ್ನು ಹುಡುಗರು ಸಡಿಲ ಬಿಡುವುದೇ ಹೆಚ್ಚು. ನೈಲಾನ್ ಹಗ್ಗ ಬಿದಿರಿನ ಮೇಲೆ ಜಾರುತ್ತದೆ, ತೆಂಗಿನ ನಾರಿನದು ಕಚ್ಚಿ ಹಿಡಿಯುತ್ತದೆ.

ನನ್ನ ಶಿಬಿರವೊಂದರಲ್ಲಿ ಇಂಥ ಅಟ್ಟಣಿಗೆ ಊಟದ ಹೊತ್ತಿಗೇ ತಟ್ಟೆಗಳ ಸಮೇತ ಉರುಳಿತು. ಯಾರೂ ಬಯ್ಯಲಿಲ್ಲ, ಯಾರೂ ಕಟ್ಟಿಕೊಡಲೂ ಇಲ್ಲ. ಹುಡುಗರೇ ಬಿಚ್ಚಿ ನೋಡಿ, ಎಲ್ಲಿ ಸಡಿಲವಾಗಿತ್ತೆಂದು ಕಂಡುಕೊಂಡು ಮತ್ತೆ ಕಟ್ಟಿದರು. ಅದು ಕೊನೆಯ ದಿನದವರೆಗೂ ನಿಂತಿತ್ತು.

ಉತ್ತರ 2: ನಿವೃತ್ತ ಆರೋಗ್ಯ ಸಹಾಯಕಿ, ಸಾಗರ

ಹಿರಿಯರ ಮಾತನ್ನು ಒಪ್ಪುತ್ತೇನೆ. ಆದರೆ ಕೆಲವು ವಿಷಯಗಳನ್ನು ಮಕ್ಕಳ ಪ್ರಯೋಗಕ್ಕೆ ಬಿಡುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ, ಮತ್ತು ಜನವರಿ ಅದರ ಕಾಲದೊಳಗೇ ಬರುತ್ತದೆ. ದಯವಿಟ್ಟು ಕಾಡಂಚನ್ನು ಬಿಟ್ಟು ಶಾಲೆಯ ಮೈದಾನಕ್ಕೋ ಕೊಯ್ಲು ಮುಗಿದ ಗದ್ದೆಗೋ ಶಿಬಿರವನ್ನು ತನ್ನಿ. ಹತ್ತಿರದಲ್ಲಿ ಮಂಗ ಸತ್ತ ಸುದ್ದಿ ಇದೆಯೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆಯನ್ನೂ ಅಲ್ಲಿಯೇ ಕೇಳಿ. ಶಿಬಿರ ಮುಗಿದ ನಂತರದ ಹತ್ತು ಹನ್ನೆರಡು ದಿನಗಳಲ್ಲಿ ಯಾರಿಗಾದರೂ ಜ್ವರ ಬಂದರೆ ಶಿಬಿರಕ್ಕೆ ಹೋಗಿದ್ದನ್ನು ವೈದ್ಯರಿಗೆ ತಿಳಿಸುವಂತೆ ಪೋಷಕರಿಗೆ ಮೊದಲೇ ಹೇಳಿರಿ.

ಕಟ್ಟು ಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುತ್ತದೆ, ನೋವೂ ಹೆಚ್ಚಾಗಿ ತಿಳಿಯುವುದಿಲ್ಲ. ಆದ್ದರಿಂದ ಸೊಳ್ಳೆಪರದೆಯ ಅಂಚನ್ನು ಚಾಪೆಯ ಕೆಳಗೆ ಸುತ್ತಲೂ ಸಿಕ್ಕಿಸಿ. ಹಾವು ಕಚ್ಚಿದರೆ ದಾರ ಬಿಗಿಯುವುದು, ಗಾಯ ಕೊಯ್ಯುವುದು ಬೇಡ. ಅಲುಗಾಡಿಸದೆ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು. ಒಲೆಯ ಹೊಗೆ ಹೆಜ್ಜೇನಿಗೆ ತಾಗದಂತೆ ಸುತ್ತಲಿನ ಮರಗಳನ್ನು ಹಿಂದಿನ ದಿನವೇ ನೋಡಿಕೊಳ್ಳಿ.

ಉತ್ತರ 3: ರೋವರ್ (ಸ್ಕೌಟ್‌ನ ಹಿರಿಯ ವಿಭಾಗದ ಯುವಕ), ಮೈಸೂರು

ಸರ್, ನಾನು ಕೆಲವು ವರ್ಷಗಳ ಹಿಂದೆ ಪಟ್ರೋಲ್ ನಾಯಕನಾಗಿದ್ದವನು. ನಮ್ಮ ಒಲೆ ಹೊತ್ತದೆ ಇದ್ದಾಗ ನಮ್ಮ ಸಹಾಯಕ ಶಿಕ್ಷಕರು ದೂರದಿಂದಲೇ, "ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿದಿರಾ?" ಎಂದು ಮಾತ್ರ ಕೇಳಿದರು. ನಾವು ಒಲೆಯ ಬಾಯಿಯನ್ನು ತಿರುಗಿಸಿ, ದಪ್ಪ ಸೌದೆ ತೆಗೆದು, ಪೆನ್ಸಿಲ್‌ಗಿಂತ ಸಣ್ಣ ಪುಳ್ಳೆಗಳನ್ನು ಜೋಡಿಸಿದ ಮೇಲೆ ಬೆಂಕಿ ಹತ್ತಿತು. ಅಂದಿನ ಉಪ್ಪಿಟ್ಟು ತಳ ಹಿಡಿದಿತ್ತು, ಆದರೂ ಪಾತ್ರೆ ಖಾಲಿಯಾಯಿತು. ಅಂದು ಅವರೇ ಹಚ್ಚಿಕೊಟ್ಟಿದ್ದರೆ ಆ ಪ್ರಶ್ನೆಯನ್ನು ನಾನು ಇಂದು ನನ್ನ ಕಿರಿಯರಿಗೆ ಕೇಳುತ್ತಿರಲಿಲ್ಲ. ಒಲೆಯ ಪಕ್ಕ ಒಂದು ಬಕೆಟ್ ನೀರು ಮತ್ತು ಒಬ್ಬ ಹಿರಿಯರು ಮಾತ್ರ ಸದಾ ಇರಲೇಬೇಕು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಶಿಬಿರವನ್ನು ಶಾಲೆಯ ಮೈದಾನಕ್ಕೆ ಬದಲಿಸಲು ಸ್ಕೌಟ್ ಮಾಸ್ಟರ್ ಒಪ್ಪಿದ್ದಾರೆ. ಬೆಂಕಿ ಹಚ್ಚಲು ಕಾಡಿನಿಂದ ದರಗು (ಉದುರಿದ ಒಣ ಎಲೆ) ತರಿಸಬೇಕೆಂದಿದ್ದೆ; ಉಣುಗು ಇರುವುದೇ ಅದರಲ್ಲಿ ಎಂಬುದು ಈಗ ಹೊಳೆದು, ಮನೆಯಿಂದ ಒಣ ತೆಂಗಿನ ಸಿಪ್ಪೆ ತರುವಂತೆ ಹೇಳುತ್ತಿದ್ದೇನೆ. ಈ ಶನಿವಾರ ಮಧ್ಯಾಹ್ನ ನಾಲ್ವರು ಪಟ್ರೋಲ್ ನಾಯಕರು ನಾರಿನ ಹಗ್ಗದೊಂದಿಗೆ ನಮ್ಮ ಮನೆಗೆ ಬರುತ್ತಿದ್ದಾರೆ.