ಪದಚರ್ಚೆ: ಹಳ್ಳಿ ಪಬ್ಬಿನ ಆಟಕ್ಕೂ ಬೀರಿನ ರುಚಿಗೂ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನ ಹಳ್ಳಿಯೊಂದರ ಸಂಜೆಕೂಟದ ಬಗ್ಗೆ ಬರಹವೊಂದನ್ನು ಕನ್ನಡಕ್ಕೆ ತರಬೇಕಾಗಿದೆ. ಸಮುದಾಯ ಭವನದಲ್ಲಿ ಐದು ಬಗೆಯ ಬೀರನ್ನು ಇಷ್ಟಿಷ್ಟೇ ಕುಡಿದು ಗುಣ ಹೇಳುತ್ತಾರೆ, ನಡುವೆ ಪಬ್ಬುಗಳ ಹಳೇ ಆಟ ಆಡುತ್ತಾರೆ: ಆಂಟ್ ಸ್ಯಾಲಿ, ಶವ್ ಹೇಪ್ನಿ, ರಿಂಗ್ ದ ಬುಲ್, ನೈನ್ ಮೆನ್ಸ್ ಮಾರಿಸ್. ಮೊದಲ ತೊಡಕು ‘ಪಬ್’. ಪಡಖಾನೆ, ಗಡಂಗು, ಹೆಂಡದಂಗಡಿ ಯಾವುದೂ ಒಗ್ಗುತ್ತಿಲ್ಲ. ‘ಟೇಸ್ಟಿಂಗ್’ ಅನ್ನು ‘ಆಸ್ವಾದನೆ’ ಎಂದು ಬರೆದರೆ ಕಾವ್ಯಮೀಮಾಂಸೆಯ ತರಗತಿಯಂತೆ ಕೇಳಿಸುತ್ತದೆ. ಬೀರಿನ ‘ಬಾಡಿ’, ‘ಹೆಡ್’, ‘ಫ್ಲಾಟ್’, ‘ಬಿಟರ್’, ‘ಮೈಲ್ಡ್’ ಇವುಗಳಿಗೆ ಏನು ಮಾಡಲಿ? ಪೀಪಾಯಿಗೆ ಹೊಡೆಯುವ ‘ಸ್ಪೈಲ್’ ಅಂದರೆ ಏನು? ಆಟಗಳಲ್ಲಿ ‘ಬೆಡ್’, ‘ಲೆಗ್’, ‘ಬ್ಲಾಬ್’ ಬರುತ್ತವೆ. ಹಾಸಿಗೆ, ಕಾಲು ಎಂದು ಬರೆಯಲು ಕೈ ಬರುತ್ತಿಲ್ಲ. ತಿಳಿದವರು ಹೇಳಬೇಕು.

ಉತ್ತರ

ಪಬ್ಬನ್ನು ಪಬ್ಬೆಂದೇ ಬಿಡಿ. ಪಡಖಾನೆ, ಗಡಂಗು ಎರಡಕ್ಕೂ ಒಂದು ಮುಜುಗರ ಅಂಟಿಕೊಂಡಿದೆ. ಮಾನವಂತರು ಮುಖ ಮರೆಸಿಕೊಂಡು ಹೋಗುವ ಜಾಗಗಳು ಅವು. ‘ಪಬ್’ ಎಂದರೂ ನಮ್ಮ ಓದುಗರ ಕಣ್ಣಿಗೆ ಮೊದಲು ಬರುವುದು ಬೆಂಗಳೂರಿನ ಬ್ರಿಗೇಡ್ ರಸ್ತೆ, ಅಬ್ಬರದ ಸಂಗೀತ, ವಾರಾಂತ್ಯದ ನೂಕುನುಗ್ಗಲು. ಅಲ್ಲಿನ ಹಳ್ಳಿ ಪಬ್ಬಿಗೆ ಮುದುಕರು ನಾಯಿ ಕರೆದುಕೊಂಡು ಬರುತ್ತಾರೆ, ಭಾನುವಾರ ಸಂಸಾರ ಸಮೇತ ಊಟಕ್ಕೆ ಬರುತ್ತಾರೆ. ಆದ್ದರಿಂದ ಮೊದಲ ಸಲ ‘ಊರವರು ಕೂಡುವ ಪಬ್ಬು’ ಎಂದು ಬರೆದು, ಆಮೇಲೆ ಬರೀ ಪಬ್ಬು ಎಂದರೆ ಸಾಕು. ಉಳಿದ ಪದಗಳನ್ನು ಹೆಂಡದಂಗಡಿಯಲ್ಲಿ ಹುಡುಕಬೇಡಿ. ರುಚಿಯ ಮಾತು ನಮ್ಮ ಅಡುಗೆಮನೆಯಲ್ಲಿದೆ, ಆಟದ ಮಾತು ಜಗಲಿಯ ಮೇಲಿದೆ.

ಟೇಸ್ಟಿಂಗಿಗೆ ‘ರುಚಿ ನೋಡುವುದು’ ಸರಿಯಾದ ಪದ. ಸಾರಿನ ಉಪ್ಪು ಹುಳಿ ನೋಡುವಾಗ ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟುಕೊಳ್ಳುತ್ತೇವಲ್ಲ, ಅದೇ ಕೆಲಸ. ‘ಸವಿಯುವುದು’ ಬೇಡ, ಅದರಲ್ಲಿ ಮೆಚ್ಚುಗೆ ಮೊದಲೇ ಸೇರಿಕೊಂಡಿದೆ. ಇಲ್ಲಿ ಕೆಟ್ಟದ್ದನ್ನು ಕೆಟ್ಟದ್ದೆನ್ನುವುದೂ ಕೆಲಸವೇ. ‘ಪಾನಗೋಷ್ಠಿ’ಯಂತೂ ಬೇಡವೇ ಬೇಡ. ಅಳತೆ ಕೂಡ ಹೇಳಿಬಿಡಿ, ಓದುಗರಿಗೆ ಅಂದಾಜು ಸಿಗುತ್ತದೆ. ಅಲ್ಲಿನ ಒಂದು ಪಿಂಟ್ ಎಂದರೆ 568 ಮಿಲಿ. ರುಚಿ ನೋಡಲು ಕೊಡುವುದು ಅದರ ಮೂರರಲ್ಲೊಂದು ಪಾಲು, ಸುಮಾರು 189 ಮಿಲಿ. ಐದು ಬಗೆ ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಲೀಟರ್ ಒಳಗೆ ಹೋಗಿರುತ್ತದೆ. ವೈನಿನವರ ಹಾಗೆ ಉಗುಳುವ ರೂಢಿ ಇಲ್ಲಿಲ್ಲ, ಕಹಿ ಗಂಟಲ ಹತ್ತಿರ ನಿಲ್ಲುವುದರಿಂದ ನುಂಗಿಯೇ ಹೇಳುತ್ತಾರೆ. ಅದಕ್ಕಾಗಿಯೇ ತೆಳುವಾದದ್ದು ಮೊದಲು, ಕಡುವಾದದ್ದು ಕೊನೆಗೆ. ಹುರಿದ ಕಾಳಿನ ಕಪ್ಪು ಬೀರಾದ ಸ್ಟೌಟ್ ಕುಡಿದ ಬಾಯಿಗೆ ಆಮೇಲೆ ಕೊಟ್ಟ ಹಗುರ ಬೀರು ಬರೀ ನೀರು.

‘ಬಾಡಿ’ಗೆ ದೇಹ, ‘ಹೆಡ್’ಗೆ ತಲೆ ಎಂದು ದಯವಿಟ್ಟು ಬರೆಯಬೇಡಿ. ಹುಳಿ ಮಂದವಾಗಿದೆ, ಸಾರು ನೀರುನೀರಾಗಿದೆ ಎನ್ನುತ್ತೇವೆ; ಬೀರಿಗೂ ಅದೇ ಮಾತು. ಹೆಡ್ ಎಂದರೆ ನೊರೆ, ಅಷ್ಟೇ. ‘ಫ್ಲಾಟ್’ಗೆ ‘ಸಪ್ಪೆ’ ಹೊಳೆಯುತ್ತದೆ, ಆದರೆ ಸಪ್ಪೆ ಉಪ್ಪುಖಾರದ ಮಾತು. ಕಹಿಯೆಲ್ಲ ಹಾಗೇ ಇದ್ದು ಬರೀ ಗುಳ್ಳೆ ಹೋದ ಬೀರನ್ನು ಸಪ್ಪೆ ಎಂದರೆ ತಪ್ಪು ಅರ್ಥ ಬರುತ್ತದೆ. ಗೋಲಿಸೋಡಾದವರು ಹೇಳುವ ಹಾಗೆ ‘ಗ್ಯಾಸ್ ಹೋಗಿದೆ’ ಎನ್ನಿ. ‘ಬಿಟರ್’ ರುಚಿಯಾದಾಗ ಕಹಿ, ಬೀರಿನ ಬಗೆಯ ಹೆಸರಾದಾಗ ಬಿಟರ್. ಒಗರನ್ನು ಇಲ್ಲಿ ತರಬೇಡಿ. ಬೀರಿಗೆ ಹಾಕುವ ಹಾಪ್ಸ್ ಎಂಬ ಬಳ್ಳಿಯ ಹೂವಿನದು ಕಹಿ. ಎಳೇ ಬಾಳೆಕಾಯಿಯಂತೆ ನಾಲಿಗೆ ಹಿಡಿಯುವುದು ಒಗರು. ‘ಮೈಲ್ಡ್’ ಮೋಸದ ಪದ. ‘ಸೌಮ್ಯ’ ಎಂದರೆ ಅರ್ಧ ಸುಳ್ಳು. ಹಿಂದೆ ಇದರ ಅರ್ಥ ಹಳತಾಗಿ ಹುಳಿಯೇರದ, ತಾಜಾ ಬೀರು ಎಂದಿತ್ತು. ಅಮಲು ಕಡಿಮೆ ಎಂದಲ್ಲ. ಈಗ ಹಾಪ್ಸ್ ಕಡಿಮೆ ಇರುವ, ಅಮಲೂ ಕಡಿಮೆಯ, ಸಾಮಾನ್ಯವಾಗಿ ಕಂದುಗಪ್ಪು ಬಣ್ಣದ ಬಗೆಗೆ ಆ ಹೆಸರು ನಿಂತಿದೆ. ಮೈಲ್ಡ್ ಎಂದೇ ಬರೆದು ಒಂದು ಸಾಲು ವಿವರಿಸಿ.

ಕೆಟ್ಟ ವಾಸನೆಗಳಿಗಂತೂ ಕನ್ನಡದಲ್ಲಿ ಬರ ಇಲ್ಲ. ಗಾಳಿ ತಾಗಿ ಹಳತಾದ ಬೀರಿಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ, ತೊಳೆಯದ ನಲ್ಲಿಯಿಂದ ಬಂದದ್ದಕ್ಕೆ ಹುಳಿ ನಾತ, ನೆಲಮಾಳಿಗೆಯ ತೇವ ಹಿಡಿದದ್ದಕ್ಕೆ ಮುಗ್ಗಲು. ಸ್ಟೌಟಿನಲ್ಲಿ ಹುರಿದ ಕಾಫಿಬೀಜದ ಘಮ ಇದ್ದರೆ ಸರಿ, ಸೀದ ವಾಸನೆ ಬಂದರೆ ಕಾಳು ಹುರಿದವನ ತಪ್ಪು. ‘ಮಾಲ್ಟ್’ ಎಂದೊಡನೆ ನಮ್ಮವರಿಗೆ ರಾಗಿ ಮಾಲ್ಟ್ ನೆನಪಾಗುವುದನ್ನು ತೊಂದರೆ ಎಂದುಕೊಳ್ಳಬೇಡಿ, ಲಾಭವೇ. ಮೊಳಕೆ ಬರಿಸಿ, ಒಣಗಿಸಿ, ಪುಡಿ ಮಾಡುವ ಕ್ರಮ ಎರಡಕ್ಕೂ ಒಂದೇ. ಅಲ್ಲಿ ಕಾಳು ಜವೆಗೋಧಿ.

ಇನ್ನು ಪೀಪಾಯಿ. ಪೋರ್ಚುಗೀಸರಿಂದ ಬಂದ ಈ ಪದ ‘ಕಾಸ್ಕ್’ಗೆ ಹೇಳಿಮಾಡಿಸಿದ್ದು. ಇಂಥ ಕೂಟಗಳಿಗೆ ತರಿಸುವುದು ಹೆಚ್ಚಾಗಿ ಫರ್ಕಿನ್, ಅಂದರೆ 9 ಗ್ಯಾಲನ್, 72 ಪಿಂಟ್. ಅದರರ್ಧದ್ದು ಪಿನ್. ಒಳಗೆ ಯೀಸ್ಟ್ ಇನ್ನೂ ಜೀವಂತ ಇರುತ್ತದೆ. 1971ರಲ್ಲಿ ಶುರುವಾದ ಕ್ಯಾಮ್ರಾ ಎಂಬ ಗ್ರಾಹಕರ ಸಂಘ ‘ರಿಯಲ್ ಏಲ್’, ಅಂದರೆ ಅಸಲಿ ಬೀರು, ಎಂದು ಹೋರಾಡಿದ್ದು ಈ ಬೀರಿಗಾಗಿಯೇ. ಪೀಪಾಯಿಯನ್ನು ಒಂದೆರಡು ದಿನ ಮೊದಲೇ ಅಡ್ಡ ಮಲಗಿಸಿ, ಅಲುಗದಂತೆ ಅಕ್ಕಪಕ್ಕ ಬೆಣೆ ಕೊಟ್ಟು, 11ರಿಂದ 13 ಡಿಗ್ರಿ ತಂಪಿನಲ್ಲಿ ಇಡಬೇಕು. ಮೇಲ್ಮೈಯ ಬಿರಡೆಯ ನಡುವೆ ತೂತು ಮಾಡಿ ತುರುಕುವ ಸಣ್ಣ ಗೂಟವೇ ಸ್ಪೈಲ್. ಮೆದು ಸ್ಪೈಲ್ ಬಿದಿರಿನದು, ಗಾಳಿ ಹಾಯುತ್ತದೆ. ಮೊದಲು ಅದನ್ನೇ ಹಾಕುತ್ತಾರೆ. ಸುತ್ತ ನೊರೆ ಉಕ್ಕುವುದು ನಿಂತ ಮೇಲೆ ಗಟ್ಟಿ ಸ್ಪೈಲ್ ಹಾಕಿ ಮುಚ್ಚುತ್ತಾರೆ. ಎಡವಟ್ಟಾಗುವುದು ಇಲ್ಲೇ. ಗಟ್ಟಿ ಸ್ಪೈಲನ್ನು ತೆಗೆಯದೆ ನಲ್ಲಿ ತಿರುಗಿಸಿದರೆ ಒಳಗೆ ಗಾಳಿ ಹೋಗದೆ ಧಾರೆ ಗುಳುಗುಳು ಎಂದು ನಿಂತುಬಿಡುತ್ತದೆ. ರಾತ್ರಿ ಅದನ್ನು ಮರಳಿ ಹಾಕಲು ಮರೆತರೆ ಬೆಳಗ್ಗೆ ಗ್ಯಾಸ್ ಹೋಗಿರುತ್ತದೆ. ಇನ್ನು ಗಸಿ ಕೆಳಗಿಳಿದ ಮೇಲೆ ಯಾರಾದರೂ ಮೇಜಿಗೆ ಡಿಕ್ಕಿ ಹೊಡೆದರೆ ಲೋಟಕ್ಕೆಲ್ಲ ಬಗ್ಗಡ. ಸೆಡಿಮೆಂಟಿಗೆ ‘ಗಸಿ’ಯೇ ಚೆನ್ನ, ಮಡ್ಡಿ ಎಂದರೆ ಎಣ್ಣೆ ನೆನಪಾಗುತ್ತದೆ. ನಲ್ಲಿ ಹಾಕಿದ ಪೀಪಾಯಿ ಮೂರು ದಿನದೊಳಗೆ ಖಾಲಿಯಾಗಬೇಕು.

ಆಟಗಳಿಗೆ ಬರೋಣ. ಶವ್ ಹೇಪ್ನಿಯ ಹಲಗೆ ಕಪ್ಪುಕಲ್ಲಿನದೋ ಗಟ್ಟಿಮರದ್ದೋ ಇರುತ್ತದೆ, ಅಡ್ಡಗೆರೆ ಎಳೆದು ಒಂಬತ್ತು ಪಟ್ಟಿ ಮಾಡಿರುತ್ತಾರೆ. ಇವೇ ‘ಬೆಡ್’ಗಳು. ಚೌಕಾಬಾರ ಆಡಿದ ಯಾರಿಗಾದರೂ ಇದಕ್ಕೆ ಬೇರೆ ಪದ ಬೇಡ: ಮನೆ. ಸರದಿಗೆ ಐದು ನಾಣ್ಯ. ಒಂದೊಂದನ್ನೂ ಹಲಗೆಯ ಅಂಚಿನಿಂದ ಚೂರು ಹೊರಚಾಚಿ ಇಟ್ಟು ಅಂಗೈಯ ಬುಡದಿಂದ ತಟ್ಟುತ್ತಾರೆ. ಕೇರಂನ ಹಾಗೆ ಬೆರಳಿನಿಂದ ಹೊಡೆಯುವುದಲ್ಲ. ಗೆರೆಗೆ ತಾಗದೆ ಮನೆಯೊಳಗೆ ನಿಂತರೆ ಲೆಕ್ಕಕ್ಕೆ ಬಂತು, ಕೂದಲೆಳೆಯಷ್ಟು ತಾಗಿದರೂ ಇಲ್ಲ. ಪ್ರತಿ ಮನೆಗೆ ಮೂರು ತುಂಬಬೇಕು. ನಾಲ್ಕನೆಯದು ಬಿದ್ದರೆ, ಆ ಮನೆ ಎದುರಾಳಿಗೆ ಇನ್ನೂ ತುಂಬಿಲ್ಲದಿದ್ದರೆ, ಅವನ ಪಾಲಿಗೆ ಹೋಗುತ್ತದೆ. ಆದರೆ ಗೆಲುವಿನ ಕೊನೆಯದನ್ನು ಅವನು ತಾನೇ ತಟ್ಟಿ ಗಳಿಸಬೇಕು. ಹಲಗೆಗೆ ಸೀಮೆಸುಣ್ಣದ ಪುಡಿ ಉಜ್ಜುತ್ತಾರೆ, ಕೇರಂ ಬೋರ್ಡಿಗೆ ಪೌಡರ್ ಹಾಕಿದ ಹಾಗೆ. ತಣ್ಣಗಿನ ಕಲ್ಲು ಬೆವರಿದರೆ ನಾಣ್ಯ ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ. ಒರೆಸಿ ಮತ್ತೆ ಪುಡಿ ಹಾಕಬೇಕು. ಹೇಪ್ನಿ ಎಂದರೆ ಅರ್ಧ ಪೆನ್ನಿ. ದಶಮಾಂಶ ಪದ್ಧತಿಗೆ ಮುಂಚಿನ ಆ ನಾಣ್ಯ 1969ರಲ್ಲಿ ಚಲಾವಣೆ ಕಳೆದುಕೊಂಡಿತು, ಹಲಗೆಯ ಮೇಲೆ ಇನ್ನೂ ಓಡಾಡುತ್ತಿದೆ. ನನ್ನ ಸಲಹೆ ‘ಅರೆಕಾಸಿನಾಟ’.

ಆಂಟ್ ಸ್ಯಾಲಿಯನ್ನು ಮುಟ್ಟಬೇಡಿ. ಆಂಟ್ ಎಂದರೆ ಅತ್ತೆಯೋ ಚಿಕ್ಕಮ್ಮನೋ ದೊಡ್ಡಮ್ಮನೋ ಎಂದು ಇಂಗ್ಲಿಷು ಹೇಳುವುದಿಲ್ಲ; ಯಾರನ್ನೇ ಆರಿಸಿದರೂ ನಮ್ಮಲ್ಲಿ ಒಂದು ಮನೆಯ ಜಗಳ ಖಾತ್ರಿ. ಕಬ್ಬಿಣದ ಕಂಬದ ತುದಿಯಲ್ಲಿ ಆರು ಇಂಚೆತ್ತರದ ಬಿಳಿ ಮರದ ‘ಡಾಲಿ’ ಕೂತಿರುತ್ತದೆ. ಹತ್ತು ಗಜ ದೂರದಿಂದ, ಹದಿನೆಂಟು ಇಂಚು ಉದ್ದದ ಆರು ಕೋಲುಗಳನ್ನು ಕೈ ಕೆಳಗಿನಿಂದ ಬೀಸಿ ಎಸೆಯಬೇಕು. ಕೋಲು ಮೊದಲು ಕಬ್ಬಿಣಕ್ಕೆ ಬಡಿದು ಡಾಲಿ ಉದುರಿದರೆ ಲೆಕ್ಕವಿಲ್ಲ. ಡಾಲಿ ‘ಗೊಂಬೆ’, ಕೋಲು ‘ಎಸೆಗೋಲು’, ‘ಲೆಗ್’ ಎಂದರೆ ‘ಸುತ್ತು’. ಆರೂ ಕೋಲು ವ್ಯರ್ಥವಾದವನದು ‘ಬ್ಲಾಬ್’. ಕ್ರಿಕೆಟ್ ವರದಿಯಲ್ಲಿ ಬರೆಯುವ ‘ಸೊನ್ನೆ ಸುತ್ತಿದ’ ಇಲ್ಲಿಗೂ ಸಲ್ಲುತ್ತದೆ.

ನೈನ್ ಮೆನ್ಸ್ ಮಾರಿಸ್‌ಗೆ ಹೊಸ ಹೆಸರು ಏಕೆ? ಒಂದರೊಳಗೊಂದು ಮೂರು ಚೌಕ, ಇಪ್ಪತ್ನಾಲ್ಕು ಬಿಂದು, ತಲಾ ಒಂಬತ್ತು ಕಾಯಿ. ನಮ್ಮ ಹಳೇ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಕೆತ್ತಿರುವ ಸಾಲುಮನೆ ಆಟವೇ ಅದು. ಮೂರು ಕಾಯಿ ಒಂದೇ ಗೆರೆಯಲ್ಲಿ ಕೂಡುವ ‘ಮಿಲ್’ ಎಂದರೆ ‘ಸಾಲು’. ಸಾಲು ಕೂಡಿದರೆ ಎದುರಾಳಿಯ ಒಂದು ಕಾಯಿ ಎತ್ತಬಹುದು.

ಇನ್ನೊಂದು ಉತ್ತರ

ಮೇಲೆ ಬರೆದವರು ರಿಂಗ್ ದ ಬುಲ್ ಮರೆತಿದ್ದಾರೆ. ಗೋಡೆಗೆ ಒಂದು ಕೊಕ್ಕೆ, ಕೆಲವು ಕಡೆ ಹೋರಿಯ ಮುಖವನ್ನೇ ಕೂರಿಸಿರುತ್ತಾರೆ. ಸೂರಿನಿಂದ ಇಳಿಬಿಟ್ಟ ದಾರದ ತುದಿಯಲ್ಲಿ ಬಳೆ. ನಾಟಿಂಗ್‌ಹ್ಯಾಮಿನ ‘ಯೆ ಓಲ್ಡ್ ಟ್ರಿಪ್ ಟು ಜೆರುಸಲೇಮ್’ ಪಬ್ಬಿನಲ್ಲಿ ಈ ಆಟ ಇದೆ. ದಾರ ಬಿಗಿದಾಗ ಬಳೆ ಕೊಕ್ಕೆಗೆ ಸರಿಯಾಗಿ ಮುಟ್ಟುವಷ್ಟೇ ಉದ್ದ ಇರಬೇಕು. ಗಿಡ್ಡವಾದರೆ ತಲುಪದು, ಉದ್ದವಾದರೆ ಗೋಡೆಗೆ ಬಡಿದು ಪುಟಿಯುತ್ತದೆ. ನೇರ ಬಿಟ್ಟರೂ ಪುಟಿಯುತ್ತದೆ. ಪಕ್ಕಕ್ಕೆ ಬಿಟ್ಟು, ಕಮಾನಿನಂತೆ ಸುತ್ತಿ ಬಂದು ಕೊಕ್ಕೆಗೆ ಬೀಳುವ ಹಾಗೆ ಮಾಡಬೇಕು. ಹೋರಿಯ ಮೂಗಿಗೆ ಹಾಕುವುದಕ್ಕೆ ನಮ್ಮಲ್ಲಿ ‘ಮೂಗುದಾರ’ ಇರುವಾಗ, ‘ಮೂಗುದಾರದಾಟ’ ಎಂದುಬಿಡಿ. ದಾರವೂ ಬಂತು, ಮೂಗೂ ಬಂತು.

‘ಎಸೆಗೋಲು’ ನನಗೆ ಅಷ್ಟು ಹಿಡಿಸಲಿಲ್ಲ; ಬರೀ ‘ಕೋಲು’ ಸಾಕು. ಅರೆಕಾಸಿನಾಟಕ್ಕೆ ಮಾತ್ರ ಪೂರ್ತಿ ಒಪ್ಪಿಗೆ. ಬೀರಿನ ಜೊತೆ ಕೊಡುವ ಚೀಸ್, ವಿನೆಗರಿನಲ್ಲಿ ಹಾಕಿದ ಈರುಳ್ಳಿಗೆ ಹಳಗನ್ನಡದ ‘ಚಕ್ಕಣ’ ಇದೆ, ಹೆಂಡದ ಜೊತೆ ನಂಜಿಕೊಳ್ಳುವುದು ಎಂದೇ ಅರ್ಥ. ಆದರೆ ರುಚಿ ನೋಡುವಾಗ ಅದನ್ನು ದೂರ ಇಡುತ್ತಾರೆ. ಖಾರ, ಹುಳಿ ಏರಿದ ನಾಲಿಗೆಗೆ ಹಾಪ್ಸಿನ ಸೂಕ್ಷ್ಮ ತಿಳಿಯದು. ನಡುನಡುವೆ ಉಪ್ಪಿಲ್ಲದ ಬಿಸ್ಕತ್ತು, ನೀರು ಅಷ್ಟೇ. ಹಾಗಾಗಿ ಬರಹದಲ್ಲಿ ಆಟ ಶುರುವಾದ ಮೇಲೆ ತಟ್ಟೆ ಬರುವ ಕಡೆ ಮಾತ್ರ ಚಕ್ಕಣ ಹಾಕಿ, ಮೊದಲರ್ಧದಲ್ಲಿ ಬೇಡ.